ಎಡ್ಮೊಂನ ಅಂಗಳದ ಹಳದಿ ಪಟ್ಟಿ

ಎಡ್ಮೊಂ ರುಕೆತ್‌ನ ಮನೆಯ ಕಲ್ಲುಗೋಡೆಗೆ ಹಳದಿ ಪಟ್ಟಿ ಬಳಿದವಳು ನಾನೇ. ಊರಿನವರು ಗುಸುಗುಸು ಮಾತಾಡುವುದು ಬೇಡ. ಯಾಕೆ ಬಳಿದೆ ಎಂಬುದನ್ನೂ ನಾನೇ ಹೇಳುತ್ತೇನೆ.

ವಿಯೋರ್ ಹೊಳೆಯ ಕಣಿವೆಯಲ್ಲಿ ಕಾಲುದಾರಿಗಳಿಗೆ ಗುರುತು ಹಾಕುವ ಕೆಲಸ ನನ್ನದು. ಹಳದಿ ಅಡ್ಡಪಟ್ಟಿ ಕಂಡರೆ ಮುಂದೆ ನಡೆಯಿರಿ ಎಂದರ್ಥ, ಹಳದಿ ಕತ್ತರಿ ಗುರುತು ಕಂಡರೆ ಈ ಕಡೆ ಬರಬೇಡಿ ಎಂದರ್ಥ. ಪಾರಿಸಿನಿಂದ ಬಂದವರೂ ಲಿಯೋನಿನಿಂದ ಬಂದವರೂ ಈ ಎರಡು ಗುರುತುಗಳನ್ನು ನಂಬಿ ಕಾಲಿಡುತ್ತಾರೆ. ನನಗಿಂತ ಮೊದಲು ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವನು ನನ್ನ ಗಂಡ ಫೆರ್ನಾಂ ಕಾಜಾಲ್. ಸಂಬಳವಿಲ್ಲ, ಸಾರಾಯಿಯಿಲ್ಲ, ಒಂದು ಕುಂಚ, ಒಂದು ಡಬ್ಬಿ ಬಣ್ಣ, ಕಲ್ಲು ಉಜ್ಜಲು ಒಂದು ತಂತಿ ಬ್ರಷ್ಷು. ಪಟ್ಟಿ ಒಂದು ಎಳೆಯಷ್ಟು ಓರೆಯಾದರೂ ಅಳಿಸಿ ಮತ್ತೆ ಬಳಿಯುವ ಜಾತಿಯವನು.

ಹನ್ನೊಂದು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಲಿಯೋನಿನ ಒಬ್ಬ ಶಾಲಾ ಟೀಚರು ಒಬ್ಬರೇ ಈ ದಾರಿ ಹಿಡಿದು ಬಂದರು. ದಾರಿ ಹೋಗಬೇಕಾದದ್ದು ಹೊಳೆಗೆ ಹಾಕಿದ್ದ ದಾಟುಗಲ್ಲುಗಳ ಮೇಲೆ ಹಾಯ್ದು ಎಡ್ಮೊಂನ ಹುಲ್ಲುಗಾವಲಿನ ಅಂಚಿನಲ್ಲಿ. ಆಕೆ ದಾಟುಗಲ್ಲು ಬಿಟ್ಟು ಬಂಡೆಯ ದಾರಿ ಹತ್ತಿದರು, ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದರು. ಸಂಜೆಯವರೆಗೂ ಅಲ್ಲೇ ಬಿದ್ದಿದ್ದರಂತೆ. ಅವತ್ತಿನಿಂದ ಅವರು ಕಾಲೂರಿ ನಡೆದಿಲ್ಲ.

"ದಾಟುಗಲ್ಲಿನ ಹತ್ರ ಬಂಡೆ ಮೇಲೆ ಕತ್ತರಿ ಗುರುತಿತ್ತು, ಅದಕ್ಕೇ ನಾನು ಮೇಲೆ ಹತ್ತಿದೆ" ಅಂದರು ಆಸ್ಪತ್ರೆಯಲ್ಲಿ. ಮೂರು ವಾರ ಮಳೆ ಹುಯ್ದ ಮೇಲೆ ನಮ್ಮ ನಡಿಗೆ ಸಂಘದವರು ಹೋಗಿ ನೋಡಿದರೆ ಅಲ್ಲಿ ಗುರುತೂ ಇಲ್ಲ, ಗಿರುತೂ ಇಲ್ಲ. ಕಣಿವೆಯಲ್ಲಿ ಹಳದಿ ಬಣ್ಣ ಇದ್ದದ್ದು ಫೆರ್ನಾಂನ ಕೈಯಲ್ಲಿ. ಹಾಗಾದರೆ ಅವನೇ ತಪ್ಪಾಗಿ ಬಳಿದಿದ್ದಾನೆ, ಆಮೇಲೆ ಹೆದರಿ ಹೋಗಿ ಉಜ್ಜಿ ಬಂದಿದ್ದಾನೆ ಎಂದು ಸಂಘದ ಸಭೆಯಲ್ಲಿ ತೀರ್ಮಾನಿಸಿದರು. "ನಾನು ಬಳಿದಿಲ್ಲ" ಎಂದು ಅವನು ಮೂರು ಸಲ ಹೇಳಿದ. ನಾಲ್ಕನೇ ಸಲ ಹೇಳಲಿಲ್ಲ. ಕುಂಚ, ಡಬ್ಬಿ ಮೇಜಿನ ಮೇಲಿಟ್ಟು ಮನೆಗೆ ಬಂದ. ಆಮೇಲೆ ಅವನು ಹೊಳೆಯ ಕಡೆ ಮುಖ ಹಾಕಲೇ ಇಲ್ಲ. ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು, ಅದಕ್ಕೇ ಅಂಗಡಿಗೂ ಹೋಗುವುದನ್ನು ಬಿಟ್ಟ. ಎರಡು ಚಳಿಗಾಲ ಕಿಟಕಿಯ ಪಕ್ಕ ಕೂತು ಸತ್ತ. ಸಂಕಟಕ್ಕೇ ಸತ್ತ, ನಾನು ಹೇಳುತ್ತೇನೆ. ಡಾಕ್ಟರು ಹೃದಯ ಅಂತ ಏನೋ ಬರೆದುಕೊಟ್ಟರು.

ಅವನ ಮಣ್ಣಿಗೆ ಎಡ್ಮೊಂ ಕೂಡ ಬಂದಿದ್ದ. ಟೋಪಿ ತೆಗೆದು ನನ್ನ ಕೈ ಹಿಡಿದು, "ಎಂಥ ಒಳ್ಳೇ ಮನುಷ್ಯ, ಜೊಸಿಯಾನ್" ಅಂದಿದ್ದ.

ಫೆರ್ನಾಂ ಬಿಟ್ಟ ಕೆಲಸ ನಾನು ಹಿಡಿದೆ. ಸಂಘಕ್ಕೆ ಬೇರೆ ಯಾರೂ ಸಿಗಲಿಲ್ಲ, ನನಗೂ ಆ ದಾರಿ ಬಿಡಲು ಮನಸ್ಸಾಗಲಿಲ್ಲ.

ಹೋದ ಚಳಿಗಾಲದ ನೆರೆಯಲ್ಲಿ ದಾಟುಗಲ್ಲುಗಳು ಕೊಚ್ಚಿಹೋದವು. ದಾರಿಯನ್ನು ಬೇರೆ ಕಡೆ ತಿರುಗಿಸಬೇಕಾಯಿತು. ಮಾರ್ಚಿನಲ್ಲಿ ಜಾಗ ನೋಡಲು ಹೋಗಿ, ದಾಟುಗಲ್ಲಿನ ಹತ್ತಿರದ ಬಂಡೆಗೆ ದಪ್ಪಗೆ ಹಬ್ಬಿದ್ದ ಬಳ್ಳಿಯನ್ನು ಕತ್ತಿಯಿಂದ ಕಡಿದೆ. ಬಂಡೆ ಅಲ್ಲಿ ಸ್ವಲ್ಪ ಒಳಕ್ಕೆ ಬಾಗಿದೆ, ಮಳೆ ಬೀಳುವುದಿಲ್ಲ. ಬಳ್ಳಿಯ ಹಿಂದೆ, ಒಂದು ಗೇಣು ಉದ್ದ, ಹಳದಿ. ಕತ್ತರಿ ಗುರುತಿನ ಕೆಳಗಿನ ಒಂದು ಕಾಲು. ಮಿಕ್ಕ ಮೂರು ಕಾಲು ಇರಬೇಕಾದ ಜಾಗದಲ್ಲಿ ಬರೀ ಕಲ್ಲು.

ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ನೋಡಿದೆ. ಬಣ್ಣ ಬೆರಳಿಗೆ ಅಂಟಿಕೊಂಡು ಬಂತು.

ಅಯ್ಯೋ ದೇವರೇ! ನಮ್ಮ ಬಣ್ಣ ಹಾಗೆ ಬರುವುದಿಲ್ಲ. ತಂತಿ ಬ್ರಷ್ಷಿನಲ್ಲಿ ಉಜ್ಜಿದರೂ ಬೆವರಿಳಿಯುತ್ತದೆಯೇ ಹೊರತು ಬಣ್ಣ ಇಳಿಯುವುದಿಲ್ಲ. ನೀರು ಬಿದ್ದರೆ ಹೋಗುವ ಹಳದಿ ಒಂದೇ ಒಂದು. ಮರಿ ಹಾಕಿದ ಕುರಿಗಳ ಬೆನ್ನಿಗೆ ಗುರುತು ಹಚ್ಚುತ್ತಾರಲ್ಲ, ಉಣ್ಣೆ ಕೆಡಬಾರದು ಎಂದು ತೊಳೆದರೆ ಹೋಗುವ ಹಾಗೆ ಮಾಡಿದ ಬಣ್ಣ, ಅದು. ನಮ್ಮಲ್ಲಿ ಒಂದೊಂದು ಮನೆಯವರದು ಒಂದೊಂದು ಬಣ್ಣ. ಹಳದಿ ಹಚ್ಚುವವನು ಎಡ್ಮೊಂ ರುಕೆತ್. ಹನ್ನೊಂದು ವರ್ಷ ಅವನ ಹಳದಿ ಬೆನ್ನಿನ ಕುರಿಗಳನ್ನು ದಿನಾ ನೋಡಿದ್ದೇನೆ, ನನ್ನ ತಲೆಗೆ ಹೊಳೆಯಲಿಲ್ಲ ನೋಡಿ. ಯಾರ ತಲೆಗೂ ಹೊಳೆಯಲಿಲ್ಲ. ಹಳದಿ ಅಂದರೆ ಫೆರ್ನಾಂ, ಅಷ್ಟೇ.

ಅವನಿಗೆ ಕಾರಣವೂ ಇತ್ತು, ಇಲ್ಲ ಅನ್ನುವುದಿಲ್ಲ. ಅದರ ಹಿಂದಿನ ವರ್ಷ ಯಾರೋ ನಡೆಯುವವರು ಅವನ ಗೇಟು ಹಾಕದೆ ಹೋಗಿ ಎರಡು ಕುರಿ ರಸ್ತೆಯಲ್ಲಿ ಸತ್ತಿದ್ದವು. ಮರಿ ಹಾಕುವ ಕಾಲದಲ್ಲಿ ಜನ ಬರುವುದೇ ಬೇಡ ಎಂದು ಒಂದು ಕತ್ತರಿ ಎಳೆದಿರುತ್ತಾನೆ. ಸರಿ, ಎಳೆದ. ಟೀಚರು ಬಿದ್ದ ಮೇಲೆ ಬಾಯಿ ಬಿಡಬಹುದಿತ್ತಲ್ಲ? ನನ್ನ ಗಂಡ ಮೂರು ಸಲ "ನಾನಲ್ಲ" ಅಂದಾಗ ಅದೇ ಕೋಣೆಯಲ್ಲಿ, ಹಿಂದಿನ ಬೆಂಚಿನಲ್ಲಿ, ಈ ಮನುಷ್ಯ ಕೂತಿದ್ದ. ತುಟಿ ಪಿಟಕ್ ಅನ್ನಲಿಲ್ಲ.

ಪೊಲೀಸರ ಹತ್ತಿರ ಹೋಗಬಹುದಿತ್ತು. ಗೇಣುದ್ದದ ಬಣ್ಣ ನೋಡಿ ಅವರು ನನಗೆ ಕಾಫಿ ಕೊಟ್ಟು ಕಳಿಸುತ್ತಿದ್ದರು. ಅವನಿಗೆ ಒಂದೇ ದಿನದ ಶಿಕ್ಷೆಯಾದರೆ ನನಗೂ ಸಾಕಾಗುತ್ತಿರಲಿಲ್ಲ. ಫೆರ್ನಾಂ ದಿನದಿನ ಬೆಂದಿದ್ದ. ಇವನೂ ದಿನದಿನ ಬೇಯಬೇಕು.

ಮೇಯರ್ ಕಚೇರಿಯ ಅಟ್ಟದಲ್ಲಿ ಹಳೇ ಜಮೀನು ನಕ್ಷೆಗಳಿವೆ. ನಾಲ್ಕು ದಿನ ಧೂಳು ಕುಡಿದು ಹುಡುಕಿದೆ, ಸಿಕ್ಕಿತು. ಸೇತುವೆಯಿಂದ ಹಳೇ ಪ್ರಾರ್ಥನಾ ಮಂದಿರಕ್ಕೆ ಹೋಗುವ ಊರದಾರಿ. ಅಗಲವಾದ, ಮಟ್ಟಸವಾದ ಗಾಡಿದಾರಿ. ಅದು ಹೋಗುವುದು ಎಡ್ಮೊಂನ ಮನೆಗೂ ಕುರಿಕೊಟ್ಟಿಗೆಗೂ ನಡುವೆ, ಅಂಗಳದ ಮಧ್ಯೆ. ಊರು ಅದನ್ನು ಯಾವತ್ತೂ ಮಾರಿಲ್ಲ, ಮುಚ್ಚಿಲ್ಲ.

ನಮ್ಮ ಮೇಯರ್ ಕ್ಲೋತಿಲ್ದ್ ನನ್ನ ಮಗಳ ವಯಸ್ಸಿನವಳು. ನಕ್ಷೆ ನೋಡಿ ಹಣೆ ಚಚ್ಚಿಕೊಂಡಳು. "ಜೊಸಿಯಾನಮ್ಮಾ, ಅವರ ಅಂಗಳದಲ್ಲೇ ಜನ ಓಡಾಡಿಸ್ತೀರಾ? ಆ ಮುದುಕ ಉರಿದು ಬೀಳ್ತಾನೆ!"

"ಬೀಳ್ಲಿ ಬಿಡಮ್ಮಾ. ದಾರಿ ಊರಿಂದು ತಾನೆ?"

"ಊರಿಂದೇ, ಇಲ್ಲ ಅಂತಿಲ್ಲ."

"ಹಾಗಾದ್ರೆ ಸಹಿ ಹಾಕು. ಇನ್ನೊಂದು ಮಾತು. ಹೊಸ ದಾರಿಗೆ ಹೆಸರು ಬೇಕಲ್ಲ? ಇಪ್ಪತ್ತೆರಡು ವರ್ಷ ಸೇವೆ ಮಾಡಿದೋನ ಹೆಸರಿಡು."

ಅವಳು ನನ್ನ ಮುಖವನ್ನೇ ನೋಡಿದಳು. ಪೆನ್ನು ತೆಗೆದು ಸಹಿ ಹಾಕಿದಳು.

ಮೇ ತಿಂಗಳಲ್ಲಿ ಕುಂಚ ತಗೊಂಡು ಹೋದೆ. ಮೊದಲ ಪಟ್ಟಿ ಎಡ್ಮೊಂನ ಗೇಟಿನ ಕಂಬಕ್ಕೆ, ಎರಡನೆಯದು ಅಡುಗೆಮನೆ ಕಿಟಕಿಯ ಪಕ್ಕದ ಗೋಡೆಗೆ. ಬಾವಿಯ ಹತ್ತಿರ ಓಕ್ ಮರದ ಹಲಗೆ ನೆಟ್ಟೆ. 'ಫೆರ್ನಾಂ ಕಾಜಾಲ್ ದಾರಿ' ಎಂದು ಅದರ ಮೇಲೆ ದೊಡ್ಡದಾಗಿ ಕೆತ್ತಿಸಿದ್ದೆ.

ಎಡ್ಮೊಂ ಕವೆಗೋಲು ಹಿಡಿದೇ ಹೊರಗೆ ಬಂದ. "ಏಯ್ ಜೊಸಿಯಾನ್, ತಲೆ ನೆಟ್ಟಗಿದೆಯೇನೇ? ನನ್ನ ಊಟದ ತಟ್ಟೆ ಮೇಲೇ ದಾರಿ ಮಾಡ್ತಿದೀಯಲ್ಲೇ!"

"ನಿನ್ನ ತಟ್ಟೆ ಪಕ್ಕಕ್ಕೆ ಎಳ್ಕೋ ಮಾರಾಯ. ದಾರಿ ಇನ್ನೂರು ವರ್ಷದಿಂದ ಇಲ್ಲೇ ಇದೆ."

"ನನ್ನ ಮೇಲೆ ಯಾಕೇ ಈ ಹಗೆ? ಒಂದೇ ಬೆಂಚಲ್ಲಿ ಕೂತು ಅಕ್ಷರ ಕಲ್ತೋರು ನಾವು!"

"ಹಗೆನಾ? ನಕ್ಷೆ ನೋಡು, ನನ್ನನ್ನೇನು ಕೇಳ್ತೀಯ." ಪಟ್ಟಿಯ ಅಂಚು ನೇರ ಮಾಡಿ ಹೊರಟುಬಂದೆ. ಎದೆಯೊಳಗೆ ಎಷ್ಟು ಹಿತವಾಗಿತ್ತು ಅಂದರೆ, ಅವತ್ತು ರಾತ್ರಿ ಎರಡು ತಟ್ಟೆ ಸೂಪು ಕುಡಿದೆ.

ಬೇಸಿಗೆ ಪೂರ್ತಿ ಜನ ಬಂದರು. ದಿನಕ್ಕೆ ಮೂವತ್ತು, ನಲವತ್ತು. ಅವನು ಬ್ರೆಡ್ಡು ಕತ್ತರಿಸುತ್ತಿದ್ದರೆ ಕಿಟಕಿಯಲ್ಲಿ ತಲೆಗಳು ಹಾಯುತ್ತಿದ್ದವು. ಎಲ್ಲರೂ ಬಾವಿಯ ಹತ್ತಿರ ನಿಂತು ನೀರು ಕೇಳುವರು, ಹಲಗೆ ಓದುವರು, ಅಲ್ಲೇ ನಿಂತಿದ್ದ ಮುದುಕನನ್ನು ಕೇಳುವರು, "ಯಾರು ಸಾರ್ ಈ ಫೆರ್ನಾಂ ಕಾಜಾಲ್?" ಜೂನಿನಲ್ಲಿ ಅವನು "ಗೊತ್ತಿಲ್ಲ ಹೋಗ್ರಿ" ಎಂದು ಗದರುತ್ತಿದ್ದ. ಜುಲೈನಲ್ಲಿ "ಈ ಊರೋನೇ, ತೀರ್ಕೊಂಡ" ಅಂದ. ಆಗಸ್ಟಿನಲ್ಲಿ ಜನ ಕಂಡರೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ನಾನು ಪ್ರತಿ ವಾರ ಪಟ್ಟಿ ನೋಡುವ ನೆಪದಲ್ಲಿ ಹೋಗುತ್ತಿದ್ದೆ. ಅವನ ಅಂಗಿಯ ಕಾಲರು ಸಡಿಲವಾಗಿತ್ತು, ಇಳಿದು ಹೋಗಿದ್ದ. ಅಯ್ಯೋ ಪಾಪ ಅನ್ನಿಸಲಿಲ್ಲ.

ಆಮೇಲೆ ನಾನು ಲಿಯೋನಿಗೆ ಕಾಗದ ಬರೆದೆ. 'ನೀವು ಬಿದ್ದ ದಾರಿ ಈಗ ಬೇರೆ ಕಡೆ ಹೋಗುತ್ತದೆ. ಪೂರ್ತಿ ಮಟ್ಟಸ. ಗಾಲಿಕುರ್ಚಿ ಆರಾಮವಾಗಿ ಬರುತ್ತದೆ. ಬನ್ನಿ.' ಅಷ್ಟೇ ಬರೆದೆ, ನಾನು ಯಾರ ಹೆಂಡತಿ ಎಂದು ಬರೆಯಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಟೀಚರು ಬಂದರು. ಅಣ್ಣನ ಮಗಳು ಕುರ್ಚಿ ತಳ್ಳುತ್ತಿದ್ದಳು, ನಾನು ಡಬ್ಬಿ ಹಿಡಿದು ಹಿಂದೆ. ಎಡ್ಮೊಂ ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದ, ಒಳಗೆ ಓಡಲು ಹೊತ್ತು ಸಿಗಲಿಲ್ಲ. ಟೀಚರು ಹಲಗೆ ಓದಿದರು. ಅವರ ಮುಖ ಕೆಂಪಾಯಿತು.

"ಇದೇನ್ರೀ ಇದು?" ಎಂದು ನೇರ ಅವನನ್ನೇ ಕೇಳಿದರು. "ಈ ಮನುಷ್ಯನ ಹೆಸರಲ್ಲಿ ದಾರಿನಾ? ಸುಳ್ಳು ಗುರುತು ಬಳಿದು ನನ್ನ ಕಾಲು ಕಿತ್ಕೊಂಡೋನು ಇವನೇ ಅಲ್ವಾ? ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಎದ್ದು ಇವನಿಗೆ ಶಾಪ ಹಾಕಿದೀನಿ ನಾನು. ನೀವು ಈ ಊರೋರು. ಹೇಳಿ, ಎಂಥೋನು ಅವನು?"

ಎಡ್ಮೊಂ ನನ್ನ ಕಡೆ ನೋಡಿದ. ನಾನು ಹಲಗೆಯ ಕಡೆ ನೋಡಿದೆ. ಅವನ ಕೈಯಿಂದ ಸೌದೆ ಒಂದೊಂದಾಗಿ ಕೆಳಗೆ ಬಿತ್ತು.

"ಅವನಲ್ಲಮ್ಮಾ" ಅಂದ.

"ಅಂದ್ರೆ?"

"ಅವನು ಬಳೀಲಿಲ್ಲ. ನಾನು ಬಳಿದೆ. ಕುರಿ ಮರಿ ಹಾಕೋ ಕಾಲ... ಯಾರಾದ್ರೂ ಬೀಳ್ತಾರೆ ಅಂತ ಅನ್ಕೊಂಡಿರಲಿಲ್ಲ. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ. ಫೆರ್ನಾಂ ತಪ್ಪು ಮಾಡೋನಲ್ಲ. ಅವನು ಒಂದು ಪಟ್ಟಿ ಓರೆ ಬಳಿದೋನಲ್ಲ."

ಟೀಚರು ಗಾಲಿಗಳನ್ನು ತಾವೇ ತಳ್ಳಿಕೊಂಡು ಅವನ ಎದುರಿಗೆ ಬಂದರು. "ಇನ್ನೊಂದ್ಸಲ ಹೇಳಿ. ಜೋರಾಗಿ ಹೇಳಿ. ಡಬ್ಬಿ ಹಿಡಿದಿರೋ ಈಯಮ್ಮನಿಗೂ ಕೇಳಿಸ್ಲಿ" ಅಂದರು.

ಅವನು ಇನ್ನೊಂದು ಸಲ ಹೇಳಿದ. ಗೇಟಿನ ಹತ್ತಿರ ನಿಂತಿದ್ದ ಆರೇಳು ಜನ ನಡೆಯುವವರಿಗೂ ಕೇಳಿಸಿತು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಟೀಚರ ಕುರ್ಚಿ ಮಂದಿರದ ಕಡೆ ಹೋದ ಮೇಲೆ ಎಡ್ಮೊಂ ಬಾವಿಕಟ್ಟೆಯ ಮೇಲೆ ಕುಸಿದು ಕೂತ.

"ಹೇಳಿದೆನಲ್ಲೇ ಜೊಸಿಯಾನ್. ಎಲ್ಲಾ ಹೇಳಿದೆ. ಇನ್ನಾದ್ರೂ ಈ ಹಲಗೆ ಕೀಳೇ. ಆ ಪಟ್ಟಿ ಅಳಿಸು. ನನಗೆ ಎಪ್ಪತ್ಮೂರು ವರ್ಷ ಕಣೇ."

ನಾನು ಡಬ್ಬಿಯ ಮುಚ್ಚಳ ತೆಗೆದೆ. ಕಿಟಕಿಯ ಪಕ್ಕದ ಪಟ್ಟಿ ಬಿಸಿಲಿಗೆ ಸ್ವಲ್ಪ ಮಾಸಿತ್ತು. ಕುಂಚ ಅದ್ದಿ, ಎಡದಿಂದ ಬಲಕ್ಕೆ, ಫೆರ್ನಾಂ ಕಲಿಸಿದ ಹಾಗೆ, ಉಸಿರು ಹಿಡಿದು ಒಂದೇ ಎಳೆತಕ್ಕೆ ಎಳೆದೆ.

"ಒಣಗೋವರೆಗೂ ಮುಟ್ಬೇಡ ಎಡ್ಮೊಂ" ಅಂದೆ. "ಇದು ಕುರಿ ಬೆನ್ನಿಗೆ ಹಚ್ಚೋ ಬಣ್ಣ ಅಲ್ಲ. ಮಳೆ ಬಂದ್ರೆ ಹೋಗಲ್ಲ."