ಗಿಟಾರಿಗೆ ತೆಗೆದ ಜವಾರಿ

ನಲವತ್ತು ವರ್ಷದ ಕಸುಬಿನಲ್ಲಿ ನಾನು ಕೆಡಿಸಿದ ವಾದ್ಯ ಒಂದೇ. ಅದನ್ನೂ ಕೆಡಿಸಬೇಕೆಂದು ಕೆಡಿಸಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ಹಾಗಾಯಿತು. ಕೆಟ್ಟ ವಾದ್ಯವನ್ನು ಅರ್ಧ ದಿನದಲ್ಲಿ ಸರಿ ಮಾಡಿದೆ. ಆದರೆ ಆಮೇಲೆ ಒಂದು ವರ್ಷ ಬಾಯಿ ಮುಚ್ಚಿಕೊಂಡು ಕುಳಿತೆನಲ್ಲ, ಅದಕ್ಕೆ ಏನು ಮಾಡಬೇಕೋ ಇಂದಿಗೂ ತಿಳಿದಿಲ್ಲ.

ನನ್ನ ಹೆಸರು ಅಬ್ದುಲಮಜೀದ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ತಂಬೂರಿ, ಸಿತಾರ ರಿಪೇರಿಯ ಅಂಗಡಿ. ತಂಬೂರಿಯ ತಂತಿಗಳು ಕೂರುವ ಮಣೆಗೆ ಕುದುರೆ ಎನ್ನುತ್ತೇವೆ. ಅದರ ಮೈಯನ್ನು ಅರದಿಂದ ಕೂದಲೆಳೆಯಷ್ಟು ಇಳಿಜಾರಾಗಿ ಉಜ್ಜಿದರೆ ತಂತಿ ಅದನ್ನು ಸವರುತ್ತ ಝೇಂಕರಿಸುತ್ತದೆ. ಆ ಝೇಂಕಾರವೇ ಜವಾರಿ. ಜವಾರಿ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ತಂಬೂರಿಗೆ ಹೆಸರಾದ ಮಿರಜಿನಲ್ಲೂ ಇಲ್ಲ ಎಂದು ಧಾರವಾಡದ ಗವಾಯಿಗಳು ಹೊಗಳುತ್ತಿದ್ದರು. ಹೊಗಳಿಸಿಕೊಂಡು ನನ್ನ ಬುದ್ಧಿ ಕೆಟ್ಟಿತ್ತು.

ಬಿಂದುಮಾಧವರಾಯರು ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್. ಧಾರವಾಡದ ಮನೆತನ, ಅಣ್ಣಂದಿರಿಬ್ಬರೂ ಖ್ಯಾಲು ಹಾಡುವವರು. ಇವರೊಬ್ಬರು ದಾರಿ ತಪ್ಪಿ ಗಿಟಾರು ಹಿಡಿದರು. ಊರು ಬಿಟ್ಟುಹೋಗುವಾಗ ಒಬ್ಬ ಆಂಗ್ಲೋ-ಇಂಡಿಯನ್ ಡ್ರೈವರ್ ತನ್ನ ಗಿಟಾರನ್ನೂ, ಅಮೆರಿಕದ ಗುಡ್ಡಗಾಡಿನ ಜನರ ಹಾಡಿನ ಏಳೆಂಟು ಗ್ರಾಮೋಫೋನ್ ತಟ್ಟೆಗಳನ್ನೂ ಇವರಿಗೆ ಕೊಟ್ಟಿದ್ದ. ರಾಯರಿಗೆ ಆ ತಟ್ಟೆಗಳೇ ಗುರು. ರಜೆ ಇದ್ದಾಗ ನನ್ನ ಅಂಗಡಿಗೆ ಬಂದು ಗಿಟಾರು ತೊಡೆಯ ಮೇಲಿಟ್ಟು ಪಾಠ ಶುರು ಮಾಡುತ್ತಿದ್ದರು.

"ನೋಡ್ರಿ ಮಜೀದಸಾಬ, ಆ ಕೆಂಪು ತಟ್ಟಿಯೊಳಗಿನ ಹೆಣ್ಣಮಗಳು ಹಾಡಿನ ಧಾಟಿನ ದಪ್ಪ ತಂತಿ ಮ್ಯಾಲೆ ಹೆಬ್ಬೆರಳಿಂದ ಬಾರಸ್ತಾಳ. ಸಣ್ಣ ತಂತಿ ಸುಮ್ಮನ ಉಗುರಿಂದ ಸವರತಾಳ. ಇನ್ನೊಬ್ಬಾಂವ ಇದ್ದಾನ, ಅಂವ ಆಮಿಚಿಪ್ಪಿನ ಚೂರು ಹಿಡದು ಒಂದೊಂದ ಸ್ವರ ಎಣಿಸಿದ್ಹಂಗ ಬಾರಸ್ತಾನ. ಮೂರನೇದಾಂವನ ಹೆಬ್ಬೆರಳು ಎರಡು ದಪ್ಪ ತಂತಿ ಮ್ಯಾಲೆ ಅತ್ತಾಗೊಮ್ಮೆ ಇತ್ತಾಗೊಮ್ಮೆ ನಿಲ್ಲದ ಓಡ್ತದ, ಧಾಟಿ ತೋರಬೆರಳಿಂದು. ಒಬ್ಬನ ಬಾರಸ್ತಾನ, ಇಬ್ಬರು ಕೇಳಸ್ತಾರ!"

"ನಿಮಗ ಯಾವ ಕೈ ಸೇರತೈತ್ರಿ ರಾಯರ?"

"ಮೂರನೇದು. ಗಾಡಿ ಗಾಲಿ ಕೇಳಿ ಕೇಳಿ ಇಪ್ಪತ್ತು ವರ್ಷ ಆತು, ಮತ್ಯಾವದು ಸೇರತದ?"

ರಾಯರ ಬಲಗೈ ಹೆಬ್ಬೆರಳಿಗೂ ಒಂದು ಕಥೆ ಇತ್ತು. ಎರಡು ವರ್ಷದ ಹಿಂದೆ ಬ್ರೇಕ್ ವ್ಯಾನಿನ ಬಾಗಿಲಿಗೆ ಸಿಕ್ಕು ಜಜ್ಜಿಹೋಗಿತ್ತು. ಗಂಟು ಮತ್ತೆ ಮಡಚುವುದು ಕಷ್ಟ ಎಂದು ಡಾಕ್ಟರರು ಹೇಳಿದ್ದರಂತೆ. ರಾಯರು ಹಲ್ಲು ಕಚ್ಚಿ ದಿನಾ ಒಂದು ತಾಸು ಗಿಟಾರು ನುಡಿಸಿ ಅದನ್ನು ದಾರಿಗೆ ತಂದಿದ್ದರು. ಆದರೂ ಈ ಬೆರಳು ಎಂದೋ ಒಂದು ದಿನ ಕೈಕೊಡುತ್ತದೆ ಎಂಬ ಹೆದರಿಕೆ ಅವರ ಮನಸ್ಸಿನಿಂದ ಹೋಗಿರಲಿಲ್ಲ.

ಮೂವತ್ತೆಂಟನೆಯ ಇಸವಿಯಲ್ಲಿ ಮುಂಬಯಿಯ ಒಂದು ಗ್ರಾಮೋಫೋನ್ ಕಂಪನಿಯಿಂದ ರಾಯರಿಗೆ ಪತ್ರ ಬಂತು. ಬಂದು ನುಡಿಸಿ, ಹಿಡಿಸಿದರೆ ತಟ್ಟೆ ಮಾಡುತ್ತೇವೆ ಎಂದು ಬರೆದಿದ್ದರು. ಗಿಟಾರು ಹಿಡಿದ ತಮ್ಮನನ್ನು ಅಣ್ಣಂದಿರು ಮನೆಯ ಬೈಠಕ್ಕಿನಲ್ಲಿ ಕೂಡಿಸಿಕೊಳ್ಳುತ್ತಿರಲಿಲ್ಲ. ಆ ತಟ್ಟೆಯೊಂದು ಆದರೆ ಸಾಕು ಎನ್ನುವ ಹಾಗೆ ರಾಯರು ಪತ್ರವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು. ಹೊರಡಲು ನಾಲ್ಕು ದಿನ ಇರುವಾಗ ಗಿಟಾರಿನ ಕುದುರೆಯ ಎಲುಬಿನ ಪಟ್ಟಿ ಸೀಳಿತು.

"ಮೊದಲ ಹೆಂಗಿತ್ತೋ ಹಂಗ ಮಾಡಿಕೊಡ್ರಿ. ಹೊಸಾದೇನೂ ಬ್ಯಾಡ," ಎಂದು ಕೊಟ್ಟುಹೋದರು.

ಮೊದಲಿನ ಹಾಗೆ ನೆಟ್ಟಗಿನ ಪಟ್ಟಿಯನ್ನೇ ಕೂಡಿಸಿ ಮೀಟಿದೆ. ಕಟ್ಟಿಗೆ ಒಡೆದ ಹಾಗೆ ಒಣ ಸದ್ದು, ಹುಟ್ಟಿದ್ದೇ ಸತ್ತುಹೋಗುತ್ತಿತ್ತು. ಪಾಪ, ಇದನ್ನು ಮಾಡಿದ ಸಾಹೇಬನಿಗೆ ಜವಾರಿಯ ಗಂಧವೇ ಇಲ್ಲ ಎಂದುಕೊಂಡೆ. ನೆಟ್ಟಗಿನ ಪಟ್ಟಿ ಕಿತ್ತು, ಸಿತಾರಕ್ಕೆಂದು ಇಟ್ಟಿದ್ದ ಕಡವೆಕೊಂಬಿನ ಅಗಲವಾದ ತುಂಡು ತೆಗೆದುಕೊಂಡು ದಪ್ಪ ತಂತಿಗಳ ಕೆಳಗೆ ಎರಡು ದಿನ ಕೂತು ಜವಾರಿ ತೆಗೆದೆ. ಕಣ್ಣಿಗೆ ಹಳೆಯ ಎಲುಬಿನ ಹಾಗೇ ಕಾಣುತ್ತಿತ್ತು, ಮೀಟಿದರೆ ತಂಬೂರಿಯ ಹಾಗೆ ಜುಂಯ್ ಎಂದಿತು. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು.

ನನ್ನ ಹೆಂಡತಿ ಲಾಲಬಿ ಬಾಗಿಲಲ್ಲಿ ನಿಂತು ಕೇಳಿದಳು. "ಹೊಸಾದು ಬ್ಯಾಡಂತ ಹೇಳಿ ಹೋಗ್ಯಾರಲ್ರಿ ಅವರು?"

"ನಿನಗೇನ್ ತಿಳೀತೈತಿ, ಸುಮ್ಮನಿರು," ಎಂದೆ.

ರಾಯರಿಗೆ ಹೊರಡುವ ದಿನವೂ ಡ್ಯೂಟಿ. ಗೂಡ್ಸ್ ಗಾಡಿಯಿಂದ ಇಳಿದವರೇ ಪುಣೆಯ ಗಾಡಿ ಹತ್ತಿದರು. ನಾನು ಗಿಟಾರಿನ ಪೆಟ್ಟಿಗೆಯನ್ನು ಕಿಟಕಿಯಲ್ಲೇ ಕೊಟ್ಟೆ. ಜವಾರಿಯ ಮಾತು ಎತ್ತಲಿಲ್ಲ. ತೆಗೆದು ನುಡಿಸಿದಾಗ ಬೆರಗಾಗಲಿ ಎಂಬ ಆಸೆ ನನಗೆ.

ವಾರ ಬಿಟ್ಟು ಅದೇ ಪೆಟ್ಟಿಗೆ ಹಿಡಿದು ಅಂಗಡಿಗೆ ಬಂದರು. ಮುಖ ನೋಡಿದರೆ ಮಣ್ಣು ಕೊಟ್ಟು ಬಂದವರ ಹಾಗೆ ಇತ್ತು.

"ಬೆರಳು ಕೈಕೊಡ್ತು ಮಜೀದಸಾಬ. ದಪ್ಪ ತಂತಿ ಮುಟ್ಟಿದ್ರ ಸಾಕು, ಜುಂಯ್ ಅಂತದ. ಹೆಬ್ಬೆರಳು ಸ್ವಚ್ಛ ಏಳವಲ್ಲದು, ತಂತಿಗೆ ತಿಕ್ಕಲಿಕ್ಕೆ ಹತ್ತೇದ. ಮೂರು ಸಲ ಬಾರಿಸಿದೆ, ಮೂರೂ ಸಲ ಹಂಗ. ತಟ್ಟಿ ಮ್ಯಾಲೆ ಅದೊಂದ ಕೇಳತದ, ಆಗೂದುಲ್ಲ ಅಂದ್ರು."

ಅದು ಬೆರಳಲ್ಲ, ನನ್ನ ಕೊಂಬು. ತಂಬೂರಿಗೆ ಜೀವವಾದದ್ದು ಗಿಟಾರಿಗೆ ರೋಗ ಎಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಬಾಯಿ ತೆರೆದೆ ಕೂಡ. ಆದರೆ ಅಂಗಡಿಯಲ್ಲಿ ತ್ರ್ಯಂಬಕ ಮಾಸ್ತರರು ಕೂತಿದ್ದರು. ಧಾರವಾಡದಲ್ಲಿ ಹಾರ್ಮೋನಿಯಂ ಕಲಿಸುವವರು. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಕೆಲಗೇರಿ ಕೆರೆಯ ಕಪ್ಪೆಗಳಿಗೂ ಗೊತ್ತಾಗುತ್ತಿತ್ತು. ಅದರ ಮೇಲೆ ರಾಯರೇ ಹೇಳಿದರು:

"ನಿಮ್ಮ ಕೆಲಸದ ಬಗ್ಗೆ ಮಾತಿಲ್ಲ ಬಿಡ್ರಿ. ನಿಮ್ಮ ಕೈಯಾಗ ತಪ್ಪು ಎಲ್ಲೆ ಆಗತದ? ಇದನ್ನ ಇಲ್ಲೇ ಇಟಗೋರಿ. ಮನ್ಯಾಗ ಕಣ್ಣಿಗೆ ಬಿದ್ರ ಸಂಕಟ ಆಗತದ."

ನಾಳೆ ಒಬ್ಬರೇ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡೆ. ಅವರು ಹೋದ ಮೇಲೆ ಕೊಂಬಿನ ತುಂಡು ಕಿತ್ತು ಬಚ್ಚಲ ಒಲೆಗೆ ಹಾಕಿ, ನೆಟ್ಟಗಿನ ಎಲುಬು ಕೂಡಿಸಿ ಮೀಟಿದೆ. ಅಂದು ಒಣ ಎನಿಸಿದ್ದ ದಪ್ಪ ತಂತಿ ಈಗ ಗಂಟೆಯ ಹಾಗೆ ಸ್ವಚ್ಛವಾಗಿ ನುಡಿಯಿತು. ತಪ್ಪು ಯಾರದು ಎಂಬುದರಲ್ಲಿ ನನಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ.

ಆ ನಾಳೆ ಬರಲಿಲ್ಲ. ಹದಿನೈದು ದಿನದೊಳಗೆ ತ್ರ್ಯಂಬಕ ಮಾಸ್ತರರೇ ಸುದ್ದಿ ತಂದರು. ತಂತಿಯನ್ನೇ ಹಿಡಿಯದ ಬೆರಳು ಘಟ್ಟದ ಇಳಿಜಾರಿನಲ್ಲಿ ಬ್ರೇಕಿನ ಚಕ್ರ ಹೇಗೆ ಹಿಡಿದೀತು ಎಂದು ರಾಯರು ತಾವಾಗಿಯೇ ರೈಲ್ವೆ ಡಾಕ್ಟರರ ಮುಂದೆ ಹೋಗಿ ನಿಂತಿದ್ದರು. ಅವರನ್ನು ಗಾಡಿಯಿಂದ ಇಳಿಸಿ ಪಾರ್ಸಲ್ ಆಫೀಸಿಗೆ ಹಾಕಿದ್ದರು. "ಎಂಥಾ ಪ್ರಾಮಾಣಿಕ ಮನಷ್ಯಾ ನೋಡ್ರಿ. ಈಗಿನ ಕಾಲದಾಗ ತಪ್ಪು ಯಾರು ಒಪ್ಪಿಕೋತಾರ?" ಎಂದರು ಮಾಸ್ತರರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ತಟ್ಟನೆ, "ಯಾರ ಬಗ್ಗೆ ಅನ್ನಾಕತ್ತೀರಿ?" ಎಂದು ಕೇಳಿಬಿಟ್ಟೆ. ಮಾಸ್ತರರು ಪಿಳಿಪಿಳಿ ನೋಡಿದರು.

ಮೊದಲು ಒಂದು ತಪ್ಪು ಹೇಳಬೇಕಿತ್ತು, ಈಗ ಎರಡಾದವು. ತಿಂಗಳು ಕಳೆದಂತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಜವಾಬು ಬೇಕಾಯಿತು. ಶುಕ್ರವಾರ ನಮಾಜಿನಲ್ಲಿ ತಲೆ ಬಾಗಿಸಿದರೆ ಗಿಟಾರೇ ಕಾಣುತ್ತಿತ್ತು. ಒಮ್ಮೆ ಪಾರ್ಸಲ್ ಆಫೀಸಿಗೂ ಹೋದೆ. ರಾಯರು ಮಾವಿನಹಣ್ಣಿನ ಬುಟ್ಟಿಗಳಿಗೆ ಚೀಟಿ ಅಂಟಿಸುತ್ತಿದ್ದರು, ಎಡಗೈಯಿಂದ. ಚಹಾ ತರಿಸಿ ಕುಡಿಸಿದರು. ಕುಡಿದು ಬಂದೆ. ನನ್ನಂಥ ಹೇಡಿ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಇರಲಿಲ್ಲ.

ಮರುವರ್ಷ ಒಂದು ಭಾನುವಾರ ಮಧ್ಯಾಹ್ನ ರಾಯರ ಹೆಂಡತಿ ಮಂದಾಕಿನಿಬಾಯಿ ಅಂಗಡಿಗೆ ಬಂದರು.

"ನಾಳಿ ಅವರನ್ನ ಮಿರಜಿನ ದವಾಖಾನಿಗೆ ಕರಕೊಂಡು ಹೊಂಟೇನ್ರಿ. ಹೆಬ್ಬೆರಳಿನ ಗಂಟು ಕೊಯ್ದು ನೋಡತಾರಂತ. ಮೊದಲಿನ್ಹಂಗ ಆದ್ರ ಆತು, ಇಲ್ಲಂದ್ರ ಪೂರಾ ಸೆಟದು ನಿಂತರೂ ನಿಲ್ಲಬಹುದಂತ. ನಿಮ್ಮ ಮ್ಯಾಲೆ ಅವರಿಗೆ ಭಾಳ ವಿಶ್ವಾಸ. ಬಂದು ಸ್ವಲ್ಪ ಧೈರ್ಯ ಹೇಳ್ರಿ."

ಗಟ್ಟಿಮುಟ್ಟಾದ ಬೆರಳಿಗೆ ಚಾಕು! ಗಿಟಾರಿನ ಪೆಟ್ಟಿಗೆ ಎತ್ತಿಕೊಂಡು ಮಂದಾಕಿನಿಬಾಯಿಗಿಂತ ಮುಂದೆ ನಾನೇ ಓಡಿದೆ. ರೈಲ್ವೆ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ರಾಯರು ಪೇಪರು ಓದುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಕೊಂಬಿನ ತುಂಡು ಹಾಕಿದ್ದು, ಜವಾರಿ ತೆಗೆದದ್ದು, ಜುಂಯ್ ಎಂದದ್ದು ಬೆರಳಲ್ಲ ನನ್ನ ಶಾಣ್ಯಾತನ ಎಂದು. "ನಿಮ್ಮ ಬೆರಳಿಗೇನೂ ಆಗಿಲ್ರಿ ರಾಯರ. ಮಿರಜಿಗೆ ಹೋಗಬ್ಯಾಡ್ರಿ. ಎಲುಬು ಬದಲ ಮಾಡೇನಿ, ಬಾರಿಸಿ ನೋಡ್ರಿ." ಎಲ್ಲ ಹೇಳಿದೆ, ಯಾವ ದಿನ ಬದಲು ಮಾಡಿದೆ ಎನ್ನುವುದೊಂದನ್ನು ಬಿಟ್ಟು.

ರಾಯರು ಬೈಯಲಿಲ್ಲ. ಅವರ ಮುಖ ಅರಳಿತು. "ಹಂಗಾದ್ರ ನನ್ನ ಬೆರಳು ಛಲೋ ಅದ? ಏ ಮಂದಾ, ಕೇಳಿದೇನು?" ಎಂದು ಆಗಷ್ಟೇ ಮೆಟ್ಟಿಲು ಹತ್ತುತ್ತಿದ್ದ ಹೆಂಡತಿಯನ್ನು ಕೂಗಿದರು. ಗಿಟಾರನ್ನು ತೊಡೆಯ ಮೇಲಿಟ್ಟು ತಂತಿಯ ಬಿರಡೆ ತಿರುವಿ ಸುರ ಹಚ್ಚಿದರು. ತೋರುಬೆರಳು ಸಣ್ಣ ತಂತಿಯ ಮೇಲೆ ಮೊದಲಿನ ಹಾಗೇ ಓಡಿತು. ಹೆಬ್ಬೆರಳು ದಪ್ಪ ತಂತಿಯನ್ನು ಒಮ್ಮೆ ಮೀಟಿತು. ಸದ್ದು ಸ್ವಚ್ಛವಾಗಿ ಬಂತು. ಎರಡನೆಯ ತಂತಿಗೆ ಹೋಗಬೇಕಾದದ್ದು ಹೋಗಲಿಲ್ಲ.

ಮತ್ತೆ ಮೀಟಿದರು, ಮತ್ತೆ ನಿಂತಿತು. ಎಡಗೈಯಿಂದ ಹೆಬ್ಬೆರಳನ್ನು ಹಿಡಿದು ಮಡಚಿದರು. ಗಂಟು ಬಾಗಲಿಲ್ಲ.

"ಒಂದು ವರ್ಷ ಇದನ್ನ ಅಳ್ಳಾಡಿಸಲಿಲ್ಲ," ಎಂದರು ಮೆಲ್ಲಗೆ. "ಹೋಗೇದ ಅಂತ ತಿಳಕೊಂಡು ಕೈಬಿಟ್ಟೆ. ದಿನಾ ಬಾರಸ್ತಿದ್ದೆ ಅಂತ ನಡದಿತ್ತು, ಮಜೀದಸಾಬ. ಈಗ ಖರೇನ ಹೋಗೇದ."

ಮಂದಾಕಿನಿಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಾನು ಕಟ್ಟೆಯ ಕೆಳಗೆ ಕುಸಿದು ಕುಳಿತು ಅತ್ತೆ. ಹೊಡೆಯಿರಿ ಎಂದೆ, ಬೈಯಿರಿ ಎಂದೆ. ರಾಯರು ನನ್ನ ಕಡೆ ನೋಡದೆ ದಪ್ಪ ತಂತಿಯನ್ನು ತೋರುಬೆರಳಿಂದ ಮೀಟಿ, ಸದ್ದು ಪೂರ್ತಿ ಅಡಗುವವರೆಗೆ ಕಿವಿಗೊಟ್ಟರು. ಆಮೇಲೆ ಆ ಎಲುಬಿನ ಪಟ್ಟಿಯನ್ನು ಸವರಿ ನೋಡಿದರು. ಅದರ ಮೇಲೆ ತಂತಿಗಳು ಕೂತು ಕೂತು ಗೀರು ಬಿದ್ದಿದ್ದವು.

"ಇದನ್ನ ಯಾವಾಗ ಕೂಡಿಸಿದ್ರಿ?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ನೀವು ಮುಂಬೈಲಿಂದ ಬಂದ ದಿನಾನ್ರಿ," ಎಂದೆ.

ರಾಯರು ಗಿಟಾರನ್ನು ನನ್ನ ಮುಂದೆ ಇಟ್ಟು, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.