ಗ್ರೀಸು ಮುಟ್ಟಬಾರದ ರಿಂಗು

ರಬ್ಬರ್ ಅಂಗಡಿಯಲ್ಲಿ ದುಡಿಯುವವರಿಗೆ ಹುಟ್ಟಿದ ಬಣ್ಣ ಯಾವುದಾದರೇನು, ಉಳಿಯುವ ಬಣ್ಣ ಒಂದೇ. ಮಿಲ್ಲಿನ ಎರಡು ಉರುಳೆಗಳ ನಡುವೆ ರಬ್ಬರಿಗೆ ಮಸಿ ಪುಡಿ ಬೆರೆಸಿ ಬೆರೆಸಿ ಅವಳ ಉಗುರಿನ ಸಂದಿ, ಕಿವಿಯ ಹಿಂಭಾಗ ಎಲ್ಲ ಕಪ್ಪು. ಅದಕ್ಕೇ ಜನ ಮಸಿಯಕ್ಕ ಎನ್ನುತ್ತಿದ್ದರು. ಗಂಡನೂ ಹಾಗೇ ಕರೆಯುತ್ತಿದ್ದ. ಸಿಟ್ಟು ಬಂದಾಗ ಮಾತ್ರ ಅವನಿಗೆ ಅವಳ ನಿಜವಾದ ಹೆಸರು ನೆನಪಾಗುತ್ತಿತ್ತು.

ಅಂಗಡಿ ಅವಳ ಅಪ್ಪನದು. ಅಪ್ಪ ಜೀವನವಿಡೀ ಮಾಡಿದ್ದು ಒಂದೇ ಬಗೆಯ ರಬ್ಬರು, ನೈಟ್ರೈಲು. ಪೆಟ್ರೋಲಿನ ಪೈಪು, ಎಂಜಿನ್ನಿನ ಆಯಿಲ್ ಸೀಲು, ಪಂಪಿನ ವಾಷರು, ಎಲ್ಲವೂ ಅದರವೇ. ವರ್ಷಗಟ್ಟಲೆ ಎಣ್ಣೆಯಲ್ಲಿ ಮುಳುಗಿಸಿಟ್ಟರೂ ಕ್ಯಾರೇ ಅನ್ನದ ರಬ್ಬರದು. ಹಾಗಾಗಿ ಅಪ್ಪನಿಗೊಂದು ಅಭ್ಯಾಸ ಅಂಟಿಕೊಂಡಿತ್ತು. ಎಲ್ಲಿ ಯಾವ ರಿಂಗು ಕೂರಿಸಿದರೂ ಮೊದಲು ಗ್ರೀಸಿನ ಡಬ್ಬಿಗೆ ಎರಡು ಬೆರಳು ಅದ್ದಿ, ರಿಂಗಿನ ಸುತ್ತ ಸವರಿ, ಅದು ಕೂರುವ ತೋಡಿನೊಳಗೆ ಜಾರಿಸಿ, ಕೊನೆಗೆ ಮಗುವಿನ ಬೆನ್ನು ತಟ್ಟುವಂತೆ ಎರಡು ಸಲ ತಟ್ಟುವುದು. ಆ ತಟ್ಟು ಬೀಳದೆ ಅಪ್ಪನ ಕೆಲಸ ಮುಗಿಯುತ್ತಿರಲಿಲ್ಲ. ಊರಲ್ಲಿ ಯಾರದೇ ಯಂತ್ರದ ಬಾಗಿಲು ತೆಗೆದರೂ ಅಪ್ಪನ ಬೆರಳಿನ ಗುರುತು ಗ್ರೀಸಿನಲ್ಲಿ ಕಾಣುತ್ತಿತ್ತು.

ಇದೆಲ್ಲ ಸರಿಯಾಗೇ ಇತ್ತು, ಬಟ್ಟೆ ಒಗೆಯುವ ಕಾರ್ಖಾನೆಯವರು ಆವಿಯ ಪೀಪಾಯಿ ತರಿಸುವ ತನಕ. ಆಸ್ಪತ್ರೆಯ ಹಾಸಿಗೆ ಬಟ್ಟೆಯನ್ನೆಲ್ಲ ಅದರೊಳಗೆ ತುಂಬಿ, ಆಳೆತ್ತರದ ಬಾಗಿಲು ಮುಚ್ಚಿ, ಕುದಿಯುವ ಆವಿ ಬಿಡುತ್ತಾರೆ. ಆ ಬಾಗಿಲಿಗೂ ಒಂದು ರಬ್ಬರ್ ರಿಂಗು ಬೇಕು. ಅಪ್ಪ ನೈಟ್ರೈಲಿನದೇ ಮಾಡಿಕೊಟ್ಟಿದ್ದ. ಎಣ್ಣೆಗೆ ಜಗ್ಗದ ಆ ರಬ್ಬರು ಆವಿಗೆ ಮಾತ್ರ ತಡೆಯಲಿಲ್ಲ. ಸ್ವಲ್ಪ ದಿನಕ್ಕೇ ಗಟ್ಟಿಯಾಗಿ, ಬಿರುಕು ಬಿಟ್ಟು, ಬಾಗಿಲ ಸಂದಿಯಿಂದ ಬುಸ್ ಎನ್ನತೊಡಗಿತು.

ಆ ಬಾಗಿಲ ಮುಂದೆ ದಿನವಿಡೀ ನಿಲ್ಲುವವಳು ಮಸಿಯಕ್ಕನ ನಾದಿನಿ. ಹರಿತ ನಾಲಿಗೆಯವಳು, ಮಾತಿಗೆ ಮುಂಚೆ ನಗುವವಳು. ಅತ್ತಿಗೆ ನಾದಿನಿಯರಿಗೆ ಎಣ್ಣೆ ಸೀಗೆಕಾಯಿ ಸಂಬಂಧ. "ಅತ್ತಿಗೆ, ನೀವು ಮುಟ್ಟಿದ ಲೋಟದಲ್ಲಿ ನೀರು ಕುಡಿದ್ರೆ ಹಲ್ಲೂ ಕಪ್ಪಾಗುತ್ತೆ," ಎಂದು ಅವಳು ಚುಚ್ಚಿದರೆ, "ನಿನ್ನ ನಾಲಿಗೆಗೆ ನಾನೊಂದು ಮುಚ್ಚಳ ಮಾಡಿಕೊಡ್ತೀನಿ, ತಡಿ," ಎಂದು ಇವಳು ತಿರುಗೇಟು ಕೊಡುತ್ತಿದ್ದಳು. ಆದರೆ ಒಂದು ಸಂಜೆ ನಾದಿನಿ ಮೊಣಕೈ ಮೇಲೆ ಬೊಬ್ಬೆ ಎಬ್ಬಿಸಿಕೊಂಡು ಮನೆಗೆ ಬಂದಾಗ ಮಸಿಯಕ್ಕ ಅವಳ ಕೈ ಹಿಡಿದು ದೀಪಕ್ಕೆ ತಿರುಗಿಸಿ ನೋಡಿದಳು. ಆ ಬೊಬ್ಬೆ ಮುಖದ ಮೇಲೆ ಏಳಲು ಎಷ್ಟು ಹೊತ್ತು ಬೇಕು?

ಆಗಲೇ ಅವಳು ಹೊಸ ರಬ್ಬರು ತರಿಸಿದ್ದು. ಇಪಿಡಿಎಂ ಅಂತ. ಕಾರಿನ ಗಾಜಿನ ಸುತ್ತ ಇರುವ ಪಟ್ಟಿ, ತಾರಸಿಗೆ ಹೊದಿಸುವ ಹಾಳೆ ಎಲ್ಲ ಇದರದೇ. ಬಿಸಿಲು, ಮಳೆ, ಕುದಿನೀರು, ಆವಿ, ಯಾವುದಕ್ಕೂ ಹೆದರದ ಗಟ್ಟಿಗಿತ್ತಿ. ಇದರ ಶತ್ರು ಒಂದೇ, ಎಣ್ಣೆ. ಎಂಜಿನ್ ಎಣ್ಣೆಯೋ ಗ್ರೀಸೋ ತಗುಲಿದರೆ ಮುಗಿಯಿತು, ಕುಡಿದು ಊದಿಕೊಂಡು ಕಸುವು ಕಳೆದುಕೊಳ್ಳುತ್ತದೆ. ಅವಳು ಇದನ್ನು ಅಪ್ಪನಿಗೆ ಬಾಯಿ ನೋಯುವಷ್ಟು ಹೇಳಿದ್ದಳು. ಎರಡು ರಬ್ಬರಿನ ಚೂರುಗಳನ್ನೂ ಎಣ್ಣೆಯ ಬಾಟಲಿಗಳಲ್ಲಿ ಹಾಕಿ ಕಿಟಕಿಯಲ್ಲಿಟ್ಟು ತೋರಿಸಿದ್ದಳು. ಅಪ್ಪ ತಿರುಗಿಯೂ ನೋಡಿರಲಿಲ್ಲ.

"ರಬ್ಬರ್ ಅಂದ್ರೆ ರಬ್ಬರ್ ಕಣೇ. ಎಣ್ಣೆ ಕಂಡ್ರೆ ಹೆದರೋದು ರಬ್ಬರ್ ಆಗುತ್ತಾ?"

"ಇದು ಬೇರೆ ಜಾತೀದು ಅಪ್ಪ. ಸೋಪು ನೀರು ಹಚ್ಚಿ ಕೂರಿಸಬೇಕು. ಗ್ರೀಸು ಮುಟ್ಟಿಸಬಾರದು."

"ಹ್ಞೂಂ ಹ್ಞೂಂ," ಎಂದಿದ್ದ ಅಪ್ಪ. ಈ ಹ್ಞೂಂ ಹ್ಞೂಂ ಅಂದರೆ ಏನರ್ಥ ಎಂದು ಹೆಂಡತಿ ಮಕ್ಕಳಿಗೆಲ್ಲ ಗೊತ್ತಿತ್ತು. ಆದರೂ ಆ ದಿನ ಅವನ ಮನಸ್ಸು ಚೆನ್ನಾಗಿತ್ತು. "ಈ ಆವಿ ಕೆಲಸ ಒಂದು ಮುಗೀಲಿ. ಬೀಗದ ಕೈ ನಿನಗೆ ಕೊಟ್ಟು ನಾನು ಆರಾಮಾಗಿ ಇದ್ದುಬಿಡ್ತೀನಿ," ಎಂದ. ಅಪ್ಪನ ಬಾಯಿಂದ ಆ ಮಾತು ಬರಲಿ ಎಂದು ಅವಳು ಚಾತಕಪಕ್ಷಿಯ ಹಾಗೆ ಕಾದಿದ್ದಳು. ಮೈಯೆಲ್ಲ ಮಸಿ ಮಾಡಿಕೊಂಡದ್ದು ಅದಕ್ಕೇ ಅಲ್ಲವೇ?

ರಿಂಗು ಸಿದ್ಧವಾದ ದಿನ ಮಿಲ್ಲಿನ ಮೇಲೆ ಬೇರೆ ರಬ್ಬರಿನ ಮುದ್ದೆ ಓಡುತ್ತಿತ್ತು. ನಡುವೆ ಬಿಟ್ಟರೆ ಉರುಳೆಗೇ ಸುಟ್ಟು ಹತ್ತಿಕೊಳ್ಳುತ್ತದೆ. ಅವಳು ಕೈ ತೊಳೆದು ಬರುವಷ್ಟರಲ್ಲಿ ಅಪ್ಪ ರಿಂಗನ್ನು ಹೆಗಲಿಗೆ ಹಾಕಿಕೊಂಡು ಹೊರಟೇಹೋಗಿದ್ದ. ಸಂಜೆ ಕಾರ್ಖಾನೆಯಿಂದ ನೆಟ್ಟಗೆ ಮನೆಗೆ ಹೋಗಿ ಮಲಗಿದ. ಮರುದಿನ ಬೆಳಗ್ಗೆ ಅಂಗಡಿಗೆ ಬಂದವನ ಮುಖದಲ್ಲಿ ಗೆಲುವು ಕುಣಿಯುತ್ತಿತ್ತು.

"ಬೆಣ್ಣೇಲಿ ಕೂದಲು ಎಳೆದ ಹಾಗೆ ಕೂತುಬಿಡ್ತು ನೋಡು. ಒಂದು ಸಲ ಆವೀನೂ ಬಿಟ್ಟು ನೋಡಿದ್ವಿ. ಸದ್ದೇ ಇಲ್ಲ."

ಆ ರಬ್ಬರು ಬೆಣ್ಣೆಯ ಹಾಗೆ ಕೂರುವ ಪೈಕಿಯದಲ್ಲ. ಅವಳು ಮಿಲ್ಲಿನಿಂದ ತಲೆ ಎತ್ತಿದಳು.

"ಏನು ಹಚ್ಚಿದೆ?"

"ಏನು ಹಚ್ಚಿದೆ ಅಂದ್ರೆ? ಯಾವಾಗಲೂ ಹಚ್ಚೋದನ್ನೇ."

ಅವಳು ಮಿಲ್ಲಿನ ಗುಂಡಿ ಒತ್ತಿ ನಿಲ್ಲಿಸಿದವಳೇ ಓಡಿದಳು. ಉರುಳೆಗೆ ಹತ್ತಿಕೊಳ್ಳುವುದಾದರೆ ಹತ್ತಿಕೊಳ್ಳಲಿ, ಹಾಳಾಗಿ ಹೋಗಲಿ.

ಕಾರ್ಖಾನೆಯಲ್ಲಿ ಹೆಂಗಸರು ಬಟ್ಟೆಯ ಗಂಟು ಬಿಚ್ಚಿ ಪೀಪಾಯಿಗೆ ತುಂಬುತ್ತಿದ್ದರು. ನಾದಿನಿ ಬಾಗಿಲ ಹಿಡಿಗೆ ಕೈ ಹಾಕಿಯಾಗಿತ್ತು. ಮಸಿಯಕ್ಕ ಅವಳನ್ನು ಪಕ್ಕಕ್ಕೆ ತಳ್ಳಿ, ಬಾಗಿಲ ಅಂಚಿಗೆ ಮುಖ ಹಚ್ಚಿ ನೋಡಿದಳು. ರಿಂಗು ಜೇನುಹುಳ ಕಚ್ಚಿದ ತುಟಿಯ ಹಾಗೆ ತೋಡಿನಿಂದ ಹೊರಗೆ ಉಬ್ಬಿತ್ತು. ಉಗುರು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು. ಗ್ರೀಸು ಕುಡಿದು ಒಂದೇ ಒಂದು ಸಲ ಆವಿ ಕಂಡದ್ದಕ್ಕೆ ಈ ಗತಿ. ಇನ್ನೊಂದು ಸಲ ಒತ್ತಡ ಬಿದ್ದರೆ ತೋಡಿನಿಂದ ಕಿತ್ತುಕೊಂಡು ಹಾರುತ್ತದೆ, ಅದರ ಹಿಂದೆಯೇ ಆವಿ.

"ಆವಿ ಬಿಡಬೇಡಿ. ಈ ರಿಂಗು ಕೆಟ್ಟಿದೆ," ಎಂದಳು.

ಮ್ಯಾನೇಜರು ಬಂದ. ಕೆಟ್ಟ ಮನುಷ್ಯನೇನಲ್ಲ, ಆದರೆ ಆಸ್ಪತ್ರೆಯವರ ಫೋನು ಅವನ ಕಿವಿಗೆ ಅಂಟಿಕೊಂಡೇ ಇರುತ್ತಿತ್ತು. "ನಿನ್ನೆ ತಾನೆ ಯಜಮಾನ್ರೇ ಬಂದು ಕೂರಿಸಿ ಹೋಗಿದ್ದಾರಲ್ಲಮ್ಮ. ಹೊಸದು, ಫಳಫಳ ಅಂತಿದೆ. ಈ ಒಂದು ಸರದಿ ಮುಗೀಲಿ, ಮಧ್ಯಾಹ್ನ ನೋಡೋಣ."

"ಮಧ್ಯಾಹ್ನ ನೋಡೋಕೆ ಇವಳಿಗೆ ಕಣ್ಣಿರಬೇಕಲ್ಲ?"

ನಾದಿನಿಯ ನಗು ಅಷ್ಟಕ್ಕೇ ನಿಂತಿತು.

ಅಷ್ಟರಲ್ಲಿ ಅಪ್ಪ ಏದುಸಿರು ಬಿಡುತ್ತ ಬಂದ. ಸುತ್ತ ಇಷ್ಟು ಜನ, ಅವರ ನಡುವೆ ಮಗಳು ತನ್ನ ಕೆಲಸಕ್ಕೆ ಹೆಸರಿಡುತ್ತಿದ್ದಾಳೆ. ಅವನ ಕೋಪ ನೆತ್ತಿಗೇರಿತು. "ನಾನು ಕೂರಿಸಿದ ರಿಂಗು ಇವತ್ತಿನವರೆಗೂ ಒಂದೂ ಕೈ ಕೊಟ್ಟಿಲ್ಲ. ಬಾ ಈಚೆ."

ಅವಳು ಸೊಂಟದಿಂದ ರಬ್ಬರ್ ಕೊಯ್ಯುವ ಚಾಕು ತೆಗೆದಳು.

"ಅದನ್ನ ಕೊಯ್ದೆಯೋ, ನಮ್ಮ ಅಂಗಡಿ ಮಾನಾನೇ ಕೊಯ್ದ ಹಾಗೆ," ಎಂದ ಅಪ್ಪ. "ಆಮೇಲೆ ಬೀಗದ ಕೈ ವಿಷಯ ಕನಸಲ್ಲೂ ಎತ್ತಬೇಡ."

ಒಂದು ಕ್ಷಣ ಅವಳ ಕೈ ತಡೆಯಿತು. ಸುಳ್ಳೇಕೆ, ಅವಳಿಗೆ ಆ ಅಂಗಡಿಯ ಮೇಲೆ ಪ್ರಾಣವೇ ಇತ್ತು. ಆ ಉರುಳೆಗಳ ಗುರುಗುರು ಕೇಳದೆ ಅವಳಿಗೆ ಬೆಳಗೇ ಆಗುತ್ತಿರಲಿಲ್ಲ. ಆದರೆ ನಾದಿನಿಯ ಮೊಣಕೈ ಅವಳ ಕಣ್ಣೆದುರಿಗೇ ಇತ್ತು, ಬೊಬ್ಬೆ ಒಣಗಿ ಚರ್ಮ ಸುಲಿದಿತ್ತು.

"ಬೀಗದ ಕೈ ನೀನೇ ಇಟ್ಕೊ ಅಪ್ಪ. ಇವಳ ಮುಖ ಬೇಯಿಸಿ ನನಗೆ ಯಾವ ಅಂಗಡೀನೂ ಬೇಡ."

ಚಾಕು ಹಾಕಿ ರಿಂಗನ್ನು ಮೀಟಿ, ಎಳೆದು, ಎಲ್ಲರ ಕಣ್ಣ ಮುಂದೆ ಕಚಕ್ಕನೆ ಎರಡು ತುಂಡು ಮಾಡಿದಳು. ಮ್ಯಾನೇಜರು ತಲೆ ಮೇಲೆ ಕೈ ಹೊತ್ತ. ನಾದಿನಿ ಮಾತ್ರ ಹೋಗಿ ಆವಿಯ ತಿರುಗಣಿ ಬಿಗಿಯಾಗಿ ಮುಚ್ಚಿ, ಬಟ್ಟೆ ಗಂಟಿನ ಮೇಲೆ ಆರಾಮಾಗಿ ಕೂತಳು. "ಕೂತ್ಕೊಳ್ರೇ ಎಲ್ಲ. ಅತ್ತಿಗೆ ಬೇಡ ಅಂದ ಮೇಲೆ ನಾನಂತೂ ಈ ಬಾಗಿಲು ಮುಟ್ಟಲ್ಲ. ಅರ್ಜೆಂಟ್ ಇದ್ದವರು ತಾವೇ ಬಂದು ನಿಲ್ಲಲಿ." ಹೆಂಗಸರು ಒಬ್ಬೊಬ್ಬರಾಗಿ ಕೂತರು. ಮ್ಯಾನೇಜರು ಬಾಗಿಲನ್ನೂ ಅವರನ್ನೂ ನೋಡಿ, ಆಸ್ಪತ್ರೆಗೆ ಫೋನು ಮಾಡಲು ಒಳಗೆ ಹೋದ.

ಅಪ್ಪ ಯಾರ ಮುಖವನ್ನೂ ನೋಡದೆ ಹೊರಟುಹೋದ.

ಅವಳು ಅಂಗಡಿಗೆ ಮರಳಿದಾಗ ಅವನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ದಾರಿ ಬಿಡಲಿಲ್ಲ. ಅವಳು ಕುರ್ಚಿಯ ಪಕ್ಕದಲ್ಲೇ ನುಸುಳಿ ಒಳಗೆ ಹೋದಳು. "ಒಂದು ರಿಂಗು ಮಾಡ್ತೀನಿ. ಆಮೇಲೆ ಬೇಕಾದ್ರೆ ಕತ್ತು ಹಿಡಿದು ನೂಕು." ಕೊಯ್ದ ತುಂಡನ್ನೂ ಅದೇ ಅಚ್ಚಿನಿಂದ ಉಳಿದಿದ್ದ ಗ್ರೀಸು ಕಾಣದ ಚೂರನ್ನೂ ಅವನ ತೊಡೆಯ ಮೇಲೆ ಹಾಕಿದಳು. "ಎರಡೂ ಒಂದೇ ಮುದ್ದೆಯವು. ನಿನ್ನ ಕೈಯಲ್ಲೇ ಹಿಚುಕಿ ನೋಡು. ನನ್ನ ಮಾತು ನಂಬಬೇಡ."

ಅವನು ಮುಟ್ಟಲಿಲ್ಲ. ಅವಳೂ ತಿರುಗಿ ನೋಡಲಿಲ್ಲ. ಉರುಳೆಗೆ ಹತ್ತಿದ್ದ ಹಳೆಯ ಮುದ್ದೆಯನ್ನು ಕೆರೆದು ತೆಗೆದು, ಹೊಸ ಮುದ್ದೆ ಕಲಸಿ, ಅಚ್ಚಿಗೆ ತುಂಬಿ ಪ್ರೆಸ್ಸಿನಲ್ಲಿ ಬೇಯಲು ಇಟ್ಟಳು. ಅವಳಿಗೆ ಅಳು ಬರುತ್ತಿತ್ತು. ಆದರೆ ಅಳುತ್ತಲೇ ಕೆಲಸ ಮಾಡಿದಳೇ ಹೊರತು ಕೆಲಸ ಬಿಟ್ಟು ಅಳಲಿಲ್ಲ.

ಮರುದಿನ ಬೆಳಗ್ಗೆ ಬಕೆಟ್ಟಿನಲ್ಲಿ ಸೋಪು ನೀರು ಕದಡಿಕೊಂಡು ಒಬ್ಬಳೇ ರಿಂಗು ಕೂರಿಸತೊಡಗಿದಳು. ಗ್ರೀಸಿನಷ್ಟು ಸುಲಭವಾಗಿ ಜಾರಿಸುವ ನೀರೇ ಅದು? ಮೇಲೆ ಒತ್ತಿದರೆ ಕೆಳಗೆ ಎದ್ದುಬರುತ್ತದೆ, ಕೆಳಗೆ ಒತ್ತಿದರೆ ಮೇಲೆ. ನಾದಿನಿ ಹಿಡಿಯಲು ಬಂದಳು, ಅವಳ ಕೈಯಿಂದಲೂ ಜಾರಿ ಮೂಗಿಗೇ ಹೊಡೆಯಿತು. "ನಿಮ್ಮ ಹಾಗೇ ಇದೆ ಅತ್ತಿಗೆ, ಒಂಚೂರೂ ಬಗ್ಗಲ್ಲ," ಎಂದಳು ಮೂಗು ತಿಕ್ಕಿಕೊಳ್ಳುತ್ತ.

ಯಾರೋ ಹಿಂದಿನಿಂದ ಕೆಮ್ಮಿದರು. ಅಪ್ಪ ನಿಂತಿದ್ದ. ಸೀದಾ ಅಂಗಡಿಯಿಂದ ಬಂದಿದ್ದ. ಆ ಊದಿದ ತುಂಡನ್ನು ಎಷ್ಟು ಸಲ ಹಿಚುಕಿದ್ದನೋ ಏನೋ, ಬೆರಳುಗಳೆಲ್ಲ ಕಪ್ಪಗೆ ಜಿಡ್ಡಾಗಿದ್ದವು. ಮ್ಯಾನೇಜರಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ, "ಇನ್ಮೇಲೆ ಇವಳು ಹ್ಞೂಂ ಅಂದ್ರೇನೇ ಆವಿ ಬಿಡಿ. ನಾನೇ ಬಂದು ಹೇಳಿದ್ರೂ ಬಿಡಬೇಡಿ."

ಆಮೇಲೆ ಮಗಳ ಹತ್ತಿರ ಬಂದು, ಹುಟ್ಟಿದಾಗಿನಿಂದ ಯಾರನ್ನೂ ಕೇಳದ ಮಾತನ್ನು ಕೇಳಿದ.

"ನಾನು ಎಲ್ಲಿ ಹಿಡೀಲಿ?"

ಅಪ್ಪನ ಎರಡೂ ಕೈ ರಿಂಗಿನ ಕಡೆ ಚಾಚಿದ್ದವು. ಸುತ್ತ ಹೆಂಗಸರೆಲ್ಲ ನೋಡುತ್ತಿದ್ದರು, ಮ್ಯಾನೇಜರು ನೋಡುತ್ತಿದ್ದ. ಇಷ್ಟು ಜನರ ಮುಂದೆ ಅಪ್ಪ ಒಂದು ಸಲ ಬಗ್ಗಿದ್ದಾನೆ, ಇನ್ನೊಂದು ಸಲ ಬಗ್ಗಿಸುವುದು ಅವಳಿಗೆ ಬೇಡವಾಗಿತ್ತು. ಆದರೂ ರಿಂಗನ್ನು ಹಿಂದಕ್ಕೆ ಎಳೆದುಕೊಂಡಳು.

"ಮೊದಲು ಕೈ ತೊಳ್ಕೊಂಡು ಬಾ ಅಪ್ಪ."

ಅಪ್ಪ ತನ್ನ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ. ಮತ್ತೆ ಮಗಳನ್ನು ನೋಡಿದ. ಆಮೇಲೆ ನಲ್ಲಿಯ ಕಡೆ ನಡೆಯುತ್ತ, ಸೋಪು ಎಲ್ಲಿಟ್ಟಿದ್ದೀಯಮ್ಮ ಎಂದು ನಾದಿನಿಯನ್ನು ಕೇಳಿದ.