ದೇವಕ್ಕನ ತಾಳ

ಹಾಲವ್ವ ಮೂರನೆಯ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಮೊಮ್ಮಗಳು ರಂಜನಾ ಹಿಟ್ಟಿನ ಡಬ್ಬಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಾಲೇಜಿನ ಪ್ರಾಜೆಕ್ಟಿಗೆಂದು ಅದನ್ನೇ ರೆಕಾರ್ಡ್ ಮಾಡುತ್ತಿದ್ದಳು. ಜೋಗೇಶ್ವರಿಯ ಚಾಳಿನ ಒಂದೇ ಖೋಲಿ, ಬೇರೆ ಜಾಗವೆಲ್ಲಿ?

“ನೋಡ ಆಯಿ, ಏಕ್‌ದಂ ಹೀರೋಯಿನ್ ಕಾಣ್ತಿ,” ಎಂದು ಪರದೆ ತಿರುಗಿಸಿದಳು.

ಪರದೆಯಲ್ಲಿ ಕೈ ರೊಟ್ಟಿಯ ಮೇಲೆ ಬಿತ್ತು, ಸಪ್ಪಳವಿಲ್ಲ. ಕೈ ಮೇಲೆದ್ದ ಮೇಲೆ ‘ಪಟ್’ ಅಂದಿತು.

“ನಾ ಹಿಂಗ ಬಡದೇನು?”

“ನಿಂದೇನಿಲ್ಲ. ವೈರ್ ಇಲ್ಲದ ಮೈಕು, ಆವಾಜ್ ಥೋಡಾ ಲೇಟ್ ಬರ್ತೈತಿ. ಮೊದಲ ಒಂದು ಚಪ್ಪಾಳಿ ಹೊಡದಿದ್ರ, ಆಮ್ಯಾಲೆ ಆವಾಜ್ ಸರಿಸಿ ಅದಕ್ಕ ಕೂಡಸ್ತೀನಿ. ಹೋದ ವರ್ಷ ನಿಮ್ಮ ಭಜನಿಗೆ ಅಷ್ಟು ಪುರಸೊತ್ತು ಎಲ್ಲಿ ಕೊಟ್ರಿ? ಈಗಿಂದೀಗ ತೋರಸು ಅಂದ್ರಿ.”

“ಅವತ್ತೂ ಇದೇ ಮೈಕೇನು?”

“ಹೂಂ.”

ಹಾಲವ್ವನ ಅಂಗೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದರೂ ಆಕೆಗೆ ಎಚ್ಚರವಿಲ್ಲ.

ಅವತ್ತು ಮಾಟುಂಗದ ಸಭಾಂಗಣದಲ್ಲಿ ಭಜನೆ ನಡೆದಾಗ ಯಾರ ಕಿವಿಗೂ ತಪ್ಪು ಕೇಳಿರಲಿಲ್ಲ. ಮುಗಿದ ಮೇಲೆ ರಂಜನಾಳ ರೆಕಾರ್ಡಿಂಗ್ ನೋಡಲು ಹೆಂಗಸರೆಲ್ಲ ಲ್ಯಾಪ್‌ಟಾಪಿಗೆ ಮುಗಿಬಿದ್ದರು. ಹಾಡುವವರ ತುಟಿ ಯಾರು ನೋಡುತ್ತಾರೆ. ಎಲ್ಲರಿಗೂ ಕಂಡದ್ದು ದೇವಕ್ಕನ ಕೈ. ತಾಳ ಕೂಡಿದ್ದು ಒಮ್ಮೆ, ಝಣ್ ಅಂದದ್ದು ಇನ್ನೊಮ್ಮೆ. ಇಪ್ಪತ್ತೆರಡು ವರ್ಷ ತಾಳ ಹಾಕಿದವಳ ಕೈಯಿಂದ ಅದನ್ನು ಇಸಿದುಕೊಂಡು, “ವಯಸ್ಸಾತು, ಇನ್ನ ಕುಂತು ಕೇಳು” ಅಂದವಳು ಮೇಳದ ಹಿರಿಯಳಾದ ಹಾಲವ್ವನೇ. ದೇವಕ್ಕ ಎದುರಾಡದೆ ಸಿಂದಗಿಗೆ, ಮಗಳ ಮನೆಗೆ ಹೋದಳು. ಫೋನು ಎತ್ತಲಿಲ್ಲ. ಒಂದು ಕಾಗದ ಮಾತ್ರ ಬಂತು: ‘ನನ್ನ ಕೈ ಖರೇನ ತಪ್ಪಿತ್ತೇನು? ಬರದು ತಿಳಸು.’ ಹೌದೆಂದು ಬರೆಯಲು ಮನಸ್ಸು ಬಾರದೆ ಹಾಲವ್ವ ಹತ್ತು ತಿಂಗಳು ತಳ್ಳಿದ್ದಳು.

“ಆ ಭಜನಿ ಹಚ್ಚು. ಸಪ್ಪಳ ಸರಿಸಿ ಹಚ್ಚು.”

ರಂಜನಾ ಅವತ್ತು ಮೊದಲಿಗೆ ಹೊಡೆದಿದ್ದ ಚಪ್ಪಾಳೆಗೆ ಸಪ್ಪಳ ಸರಿಸಿ ಕೂಡಿಸಿದಳು. ತಾಳ ಕೂಡಿದ ಗಳಿಗೆಯಲ್ಲೇ ಝಣ್. ಮತ್ತೊಂದು, ಮತ್ತೊಂದು, ಕಡೆಯ ಮಂಗಳದವರೆಗೂ ಕೂದಲೆಳೆಯಷ್ಟು ಆಚೀಚೆಯಿಲ್ಲ.

“ಇದನ್ನ ಅವತ್ತ ಯಾಕ ಹೇಳ್ಲಿಲ್ಲ?”

“ನಾ ಹಚ್ಚಿಕೊಟ್ಟು ವಡಾ ತಿನ್ನಾಕ ಹೋಗಿದ್ದೆ. ದೇವಕ್ಕಾಯಿ ಊರಿಗೆ ಹೋದ್ಲು ಅಂದಿ. ಯಾಕಂತ ನನಗೇನು ಹೇಳಿದ್ಯಾ?”

ಹಾಲವ್ವ ಒಲೆ ಆರಿಸಿ, ಕೈ ತೊಳೆದು, ಕಾಗದ ತಗೊಂಡು ಕೂತಳು. ‘ದೇವಕ್ಕಾ, ನಿನ್ನ ಕೈ ತಪ್ಪಿರಲಿಲ್ಲ. ನಾಲ್ಕು ಮಂದಿ ಎದುರು ಅಂದದ್ದನ್ನ ನಾಲ್ಕು ಮಂದಿ ಎದುರೇ ತಿರುಗಿ ಅಂತೀನಿ. ನೀ ಬಂದ್ರೂ ಅಂತೀನಿ, ಬರದಿದ್ರೂ ಅಂತೀನಿ.’

“ತಾ, ನಾ ಹಾಕಿ ಬರ್ತೀನಿ,” ಎಂದ ರಂಜನಾಳ ಕೈಗೆ ಕೊಡದೆ, ಸ್ಟೇಷನ್ ಹತ್ತಿರದ ಕೆಂಪು ಡಬ್ಬಿಯವರೆಗೆ ತಾನೇ ನಡೆದುಹೋಗಿ ಹಾಕಿದಳು.